ಕನ್ನಡದ ವಾಗ್ಗೇಯಕಾರ್ತಿಯರು

ಪಾಣಿನೀಯದ ಮರ್ಯಾದೆಯಂತೆ ಕುಂಭಕಾರ ಶಬ್ದಕ್ಕೆ ಸ್ತ್ರೀಲಿಂಗದಲ್ಲಿ ಕುಂಭಕಾರೀ ಎಂದು ರೂಪವಾಗುವುದು. ಅದೇ ಕ್ರಮದಲ್ಲಿ ವಾಗ್ಗೇಯಕಾರ ಶಬ್ದಕ್ಕೆ ವಾಗ್ಗೇಯಕಾರೀ ಎಂದಾಗಬೇಕು. ಕನ್ನಡದ ಜಾಯಮಾನಕ್ಕೆ ಒಗ್ಗುವಂತೆ ಹೇಳುವುದಾದರೆ, ವಚನಕಾರ್ತಿ ಎನ್ನುವ ಹಾಗೆ ವಾಗ್ಗೇಯಕಾರ್ತಿ ಎನ್ನಬಹುದು. ವ್ಯಾಕರಣವು ಇದಕ್ಕೆ ಅಡ್ಡಿ ಮಾಡದು. ಆದರೂ ಈ ಮಾತು ನಮ್ಮ ನಾಲಗೆಗೆ ಸುಲಭವಾಗಿ ಬಾರದು. ಪುರಂದರದಾಸರನ್ನು ವಾಗ್ಗೇಯಕಾರರೆಂದು ಕರೆಯಲು ಯಾರೂ ಅನುಮಾನಿಸರು. ಹೆಳವನಕಟ್ಟೆ ಗಿರಿಯಮ್ಮನವರನ್ನಾಗಲಿ, ಹರಪನಹಳ್ಳಿ ಭೀಮವ್ವನವರನ್ನಾಗಲಿ ಹಾಗೆ ಕರೆಯಬೇಕಾದಾಗ ಮಾತ್ರ ನಾವು ತಡೆದು, "ಹಾಡುಗಳನ್ನು ಕಟ್ಟಿದವರು" ಎಂದು ಬೇರೊಂದು ಮಾತಿನಿಂದ ಕೆಲಸ ಸಾಗಿಸುತ್ತೇವೆ. ಈ ತಡವರಿಕೆಗೆ ಶಾಸ್ತ್ರದ ಆಧಾರವುಂಟೋ, ಅಥವಾ ಇದು ಬರಿಯ ವಾಡಿಕೆಯೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಲಕ್ಷಣವನ್ನು ನೋಡೋಣ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ವಿಸ್ತಾರವಾಗಿ ನಿರೂಪಿಸಿರುವನು. ಅವನ ಪ್ರಕಾರ, ಹಾಡಿನ ನುಡಿಗೆ ಮಾತು ಎಂದು ಹೆಸರು. ಅದರ ಸ್ವರರಚನೆಗೆ ಧಾತು ಎಂದು ಹೆಸರು. ಈ ಎರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರನು. ವ್ಯಾಕರಣ, ಕೋಶ, ಛಂದಸ್ಸು, ಅಲಂಕಾರ, ರಸಭಾವ, ದೇಶಭಾಷೆಗಳು, ತಾಳ, ಲಯ, ಇಂಪಾದ ಶಾರೀರ, ಪರರ ಚಿತ್ತವನ್ನು ಅರಿಯುವ ಶಕ್ತಿ, ಎಂಜಲಲ್ಲದ ಉಕ್ತಿ, ಹೊಸ ಧಾತುವಿನ ನಿರ್ಮಾಣ ಇವೆಲ್ಲವೂ ಉತ್ತಮನಿಗೆ ಬೇಕಾದ ಗುಣಗಳು. ಧಾತುವಿನಲ್ಲಿ ಸಮರ್ಥನಾಗಿ ಮಾತಿನಲ್ಲಿ ಮಂದನಾದವನು ಮಧ್ಯಮ. ಮಾತಿನಲ್ಲಿ ಸಮರ್ಥನಾಗಿ ಧಾತುವಿನಲ್ಲಿ ಮಂದನಾದವನು ಅಧಮ. ಇನ್ನೊಬ್ಬರ ಧಾತುವಿಗೆ ತನ್ನ ಮಾತನ್ನು ಜೋಡಿಸುವವನಿಗೆ ಕುಟ್ಟಿಕಾರನೆಂದು ಬೇರೊಂದು ಹೆಸರನ್ನೇ ಕೊಟ್ಟಿರುವನು. ಈ ಲಕ್ಷಣಗಳ ಪಟ್ಟಿಯು ದೀರ್ಘವಾದುದು. ಆದರೆ ಅದರಲ್ಲಿ ಸ್ತ್ರೀಯರಿಗೆ ನಿಷೇಧವನ್ನು ಹೇಳುವ ಮಾತು ಮಾತ್ರ ಇಲ್ಲ. ಆದುದರಿಂದ ಗುಣವಿದ್ದೆಡೆಯಲ್ಲಿ ಹೆಸರು ಸಲ್ಲತಕ್ಕದ್ದೆಂಬುದು ಶಾಸ್ತ್ರದಿಂದಲೇ ಸಿದ್ಧ.

ಇಲ್ಲಿ ಪೂರ್ವಪಕ್ಷಿಗಳು ಮೂರು ಆಕ್ಷೇಪಗಳನ್ನು ತರುವರು. ನಮ್ಮ ಹೆಂಗಸರು ಕಟ್ಟಿದ ಹಾಡುಗಳಿಗೆ ಅವರದೇ ಆದ ಧಾತುವೆಂಬುದು ಉಳಿದುಬಂದಿಲ್ಲ. ಮನೆಗಳಲ್ಲಿ ರೂಢಿಯಾಗಿದ್ದ ಧಾಟಿಗಳಿಗೆ ಅವರು ನುಡಿಯನ್ನು ಹೊಂದಿಸಿದರು. ಆದುದರಿಂದ ಅವರು ಹೆಚ್ಚೆಂದರೆ ಕುಟ್ಟಿಕಾರರು, ಎಂಬುದು ಮೊದಲನೆಯ ಆಕ್ಷೇಪ. ಅವರ ಹಾಡುಗಳು ಹಸೆಗೆ ಕರೆಯುವುದು, ಆರತಿಯೆತ್ತುವುದು, ತೊಟ್ಟಿಲು ತೂಗುವುದು ಮೊದಲಾದ ಗೃಹಕೃತ್ಯಗಳಿಗೆ ಸೇರಿದವು. ವಿದ್ವತ್ಸಭೆಯ ಸಂಗೀತಕ್ಕೂ ಅವಕ್ಕೂ ಸಂಬಂಧವಿಲ್ಲ, ಎಂಬುದು ಎರಡನೆಯದು. ಅವರ ಪದ್ಯಗಳಲ್ಲಿ ಛಂದಸ್ಸು ಶುದ್ಧವಾಗಿಲ್ಲ, ಗಣಗಳು ಕುಂಟುತ್ತವೆ, ಎಂಬುದು ಮೂರನೆಯದು. ಇವಕ್ಕೆ ಸಮಾಧಾನವನ್ನು ಹೇಳುವ ಮುನ್ನ, ಆ ಮಹನೀಯೆಯರು ಯಾರು, ಅವರು ಮಾಡಿದ್ದೇನು ಎಂಬುದನ್ನು ಸ್ವಲ್ಪದರಲ್ಲಿ ತಿಳಿಯುವುದು ಉಚಿತ.

ಕನ್ನಡದಲ್ಲಿ ಸ್ತ್ರೀಯರ ಕವಿತ್ವವೂ ಗಾನವೂ ಮೊದಲಿನಿಂದ ಒಂದನ್ನೊಂದು ಅಗಲದೆ ನಡೆದುಬಂದಿವೆ. 12ನೆಯ ಶತಮಾನದ ಅಕ್ಕಮಹಾದೇವಿಯು ವಚನಗಳನ್ನಲ್ಲದೆ ಯೋಗಾಂಗತ್ರಿವಿಧಿಯನ್ನೂ ರಚಿಸಿದಳು. ತ್ರಿವಿಧಿಯೆಂಬುದು ತ್ರಿಪದಿಯೇ, ತ್ರಿಪದಿಯಾದರೋ ಬೀಸುವ ಕಲ್ಲಿನ ಮುಂದೆಯೂ, ಹಂತಿಯ ಕಣದಲ್ಲಿಯೂ ಹಾಡಿಕೊಂಡು ಬೆಳೆದ ಮಟ್ಟು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ಹದಿಬದೆಯ ಧರ್ಮವನ್ನೂ, ಅದೇ ಕಾಲದ ಶೃಂಗಾರಮ್ಮನು ಪದ್ಮಿನೀಕಲ್ಯಾಣವನ್ನೂ, ಅವರ ತರುವಾಯ ದೊಡ್ಡ ಕೃಷ್ಣರಾಜ ಒಡೆಯರ (1714–1732) ರಾಣಿ ಚೆಲುವಾಂಬೆಯು ವರನಂದೀಕಲ್ಯಾಣವನ್ನೂ ರಚಿಸಿದರು. ಈ ಮೂವರೂ ಹಿಡಿದ ಮಟ್ಟು ಸಾಂಗತ್ಯ. ವಾದ್ಯದ ಸಂಗಡ ಹಾಡತಕ್ಕದ್ದಾದ್ದರಿಂದಲೇ ಅದಕ್ಕೆ ಆ ಹೆಸರು ಬಂದಿತೆಂದು ವಿದ್ವಾಂಸರು ಅರ್ಥಮಾಡಿರುವರು. ಚೆಲುವಾಂಬೆಯು ಕಾವ್ಯದೊಂದಿಗೆ ಲಾಲಿಪದಗಳನ್ನೂ ರಚಿಸಿದ್ದಾಳೆಂಬುದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಪಟ್ಟದ ರಾಣಿಯಾದವಳು ತೊಟ್ಟಿಲ ಹಾಡನ್ನು ತನ್ನ ಲೇಖನಿಗೆ ಕಡಿಮೆಯದೆಂದು ಎಣಿಸಲಿಲ್ಲ. ಊಳಿಗದವಳಿಂದ ರಾಣಿಯವರೆಗೆ, ವಿರಕ್ತೆಯಿಂದ ಗೃಹಿಣಿಯವರೆಗೆ, ಓದುವ ಕಾವ್ಯಕ್ಕಿಂತ ಹಾಡುವ ಕಾವ್ಯವೇ ಇವರಿಗೆ ಹಿತವಾಯಿತೆಂಬುದು ಇದರಿಂದ ವ್ಯಕ್ತವಾಗುವುದು. ಕಾರಣವೂ ಸ್ಪಷ್ಟವಾಗಿಯೇ ಇದೆ. ಓಲೆಯೂ ಕಂಠವೂ ವಿದ್ವಾಂಸನ ವಶದಲ್ಲಿದ್ದವು. ಹೆಂಗಸಿನ ಕೃತಿಗೆ ಎಷ್ಟೋ ವೇಳೆ ಇನ್ನೊಬ್ಬ ಹೆಂಗಸಿನ ಕೊರಳೇ ಓಲೆಯಾಗಬೇಕಾಗಿದ್ದಿತು.

ಈ ಹಾಡುಗಬ್ಬದ ದಾರಿಯು ದಾಸಸಾಹಿತ್ಯದೊಂದಿಗೆ ಕೂಡಿದ ಸ್ಥಳದಲ್ಲಿ ನಮ್ಮ ವಾಗ್ಗೇಯಕಾರ್ತಿಯರು ಕಾಣಿಸಿಕೊಳ್ಳುವರು. ಅವರಲ್ಲಿ ಮೊದಲು ಸ್ಮರಣೀಯರಾದವರು 18ನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನವರು. ಇವರ ತವರು ರಾಣೆಬೆನ್ನೂರು. ಅತ್ತೆಯ ಮನೆ ಮಲೆಬೆನ್ನೂರು. ಮಲೆಬೆನ್ನೂರಿನ ಸಮೀಪದ ಹೆಳವನಕಟ್ಟೆಯ ರಂಗನಾಥನೇ ಇವರ ಆರಾಧ್ಯದೈವ. "ಹೆಳವನಕಟ್ಟೆ ರಂಗ" ಎಂಬುದೇ ಇವರ ಕೃತಿಗಳ ಅಂಕಿತ. ಸಂಸಾರದಲ್ಲಿ ಮನಸ್ಸು ನಿಲ್ಲದೆ, ಗಂಡನಿಗೆ ಬೇರೊಂದು ಮದುವೆಯನ್ನು ತಾವೇ ಮಾಡಿಸಿ, ತಾವು ಭಜನೆಯಲ್ಲಿ ಕಾಲ ಕಳೆದರೆಂದೂ, ವಿಜಯದಾಸರ ಶಿಷ್ಯರಾದ ಗೋಪಾಲದಾಸರ ಅನುಗ್ರಹವು ಇವರಿಗೆ ದೊರೆಯಿತೆಂದೂ ಪರಂಪರೆಯು ಹೇಳುವುದು. ಹೆಂಗಸು ಹಾಡು ಕಟ್ಟಿ ದೇವಾಲಯದಲ್ಲಿ ಹಾಡುವುದನ್ನು ಬಂಧುಬಳಗವು ಸುಲಭವಾಗಿ ಸಹಿಸಲಿಲ್ಲವೆಂಬ ಧ್ವನಿಯು ಈ ಐತಿಹ್ಯಗಳಲ್ಲೆಲ್ಲ ಕೇಳಿಬರುವುದು. ಐತಿಹ್ಯದ ಒಂದೊಂದು ಸಂಗತಿಯೂ ಹಾಗೆಯೇ ನಡೆಯಿತೆಂದು ಸಾಧಿಸುವ ಅಗತ್ಯವಿಲ್ಲ. ಅಂತಹ ಸ್ತ್ರೀಯ ವಿಷಯದಲ್ಲಿ ಜನರು ಇಂತಹ ಕಥೆಯನ್ನು ಹೇಳಿಕೊಂಡರೆಂಬುದೇ ಆ ಕಾಲದ ಸ್ಥಿತಿಗೆ ಸಾಕಷ್ಟು ಸಾಕ್ಷ್ಯ.

ಗಿರಿಯಮ್ಮನವರು ಬಿಡಿ ಕೀರ್ತನೆಗಳನ್ನಲ್ಲದೆ ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಲಕನ ಕಥೆ, ಬ್ರಹ್ಮಕೊರವಂಜಿ ಮೊದಲಾದ ದೀರ್ಘವಾದ ಹಾಡುಗಬ್ಬಗಳನ್ನೂ ರಚಿಸಿರುವರು. ಇವುಗಳಲ್ಲಿ ಚಂದ್ರಹಾಸನ ಕಥೆಯು ಮನೆಮನೆಗಳಲ್ಲಿ ಬಹಳವಾಗಿ ಹರಡಿತು. ಜೈಮಿನಿಯ ಈ ಕಥೆಯನ್ನು ಲಕ್ಷ್ಮೀಶನ ವಾರ್ಧಕ ಷಟ್ಪದಿಯ ಬೆಡಗಿನಲ್ಲಿ ಓದುವವರು ಗಮಕಿಗಳು. ಗಿರಿಯಮ್ಮನವರ ನುಡಿಯಲ್ಲಿ ಹಾಡಿಕೊಂಡವರು ಅಡಿಗೆಯ ಮನೆಯವರು. ದುಷ್ಟಬುದ್ಧಿಯು ಚಂದ್ರಹಾಸನಿಗೆ ವಿಷವನ್ನು ಕೊಡೆಂದು ಬರೆದ ಪತ್ರವನ್ನು ಆತನ ಮಗಳು ವಿಷಯೆಯು ಕಂಡು, ತನ್ನ ಕಣ್ಣ ಕಾಡಿಗೆಯಿಂದ ಒಂದಕ್ಷರವನ್ನು ತಿದ್ದಿ, ವಿಷಕ್ಕೆ ಪ್ರತಿಯಾಗಿ ವಿಷಯೆಯನ್ನೇ ಕೊಡುವಂತೆ ಮಾಡಿದಳೆಂಬ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಹೆಣ್ಣೊಬ್ಬಳು ಅಕ್ಷರವನ್ನು ಬಲ್ಲವಳಾದುದರಿಂದ ಒಂದು ಪ್ರಾಣವು ಉಳಿಯಿತೆಂಬ ಈ ಕಥೆಯನ್ನು, ಅಕ್ಷರವೇ ದುರ್ಲಭವಾಗಿದ್ದ ಹೆಂಗಸರ ನಡುವೆ ಹೆಂಗಸೊಬ್ಬರು ಹಾಡಾಗಿ ಕಟ್ಟಿದರೆಂಬುದನ್ನು ನೆನೆದಾಗ, ಅದು ಹೆಂಗಸರ ಬಾಯಲ್ಲಿ ಏಕೆ ನಿಂತಿತೆಂದು ಬೇರೆ ಹೇಳಬೇಕಾದುದಿಲ್ಲ. ಪರರ ಚಿತ್ತವನ್ನು ಅರಿಯಬೇಕೆಂದು ರತ್ನಾಕರವು ಹೇಳಿದ ಗುಣಕ್ಕೆ ಇದಕ್ಕಿಂತ ಉದಾಹರಣೆಯು ಬೇಕೆ?

ಉತ್ತರದ ಕೃಷ್ಣಾತೀರದ ಗಲಗಲಿಯಲ್ಲಿ ಬಾಳಿದ ಗಲಗಲಿ ಅವ್ವನವರ ಮುಯ್ಯದ ಹಾಡು ಬೇರೊಂದು ಬಗೆಯದು. ಮುಯ್ಯೆಂದರೆ ಬಂಧುಗಳು ಒಬ್ಬರಿಗೊಬ್ಬರು ಹಿಂದಿರುಗಿಸುವ ಉಡುಗೊರೆ. ದ್ರೌಪದಿ ಸುಭದ್ರೆಯರು ಒಂದು ಕಡೆ, ರುಕ್ಮಿಣಿ ಸತ್ಯಭಾಮೆಯರು ಇನ್ನೊಂದು ಕಡೆ ನಿಂತು, ಅತ್ತಿಗೆ ನಾದಿನಿಯರ ಸಲಿಗೆಯಿಂದ ಒಬ್ಬರನ್ನೊಬ್ಬರು ಮೂದಲಿಸುತ್ತ, ಒಗಟಿನಂತಹ ಪ್ರಶ್ನೆಗಳನ್ನು ಹಾಕುತ್ತ ಹೋಗುವುದೇ ಇದರ ವಸ್ತು. ಪುರಾಣದ ಪಾತ್ರಗಳು ಇಲ್ಲಿ ನಮ್ಮ ಮದುವೆಯ ಮನೆಯ ಬೀಗಿತಿಯರ ದನಿಯಲ್ಲಿ ಮಾತನಾಡುವರು. ಎರಡು ಗುಂಪುಗಳಾಗಿ ಕುಳಿತು ಹಾಡುವುದಕ್ಕೆ ಇದು ಹೇಳಿ ಮಾಡಿಸಿದಂತಿರುವುದು. ಒಬ್ಬನೇ ಕುಳಿತು ಮೌನವಾಗಿ ಓದುವವನಿಗೆ ಇದರ ಅರ್ಧದಷ್ಟು ರಸವೂ ದೊರೆಯದು.

19ನೆಯ ಶತಮಾನಕ್ಕೆ ಬಂದರೆ ಹರಪನಹಳ್ಳಿ ಭೀಮವ್ವನವರು (1823–1903) ಈ ಪರಂಪರೆಯ ಶಿಖರದಂತಿರುವರು. ಹೊಸಪೇಟೆಯ ಸೀಮೆಯ ನಾರಾಯಣಕೆರೆಯಲ್ಲಿ ಹುಟ್ಟಿ, ಹರಪನಹಳ್ಳಿಗೆ ಸೊಸೆಯಾಗಿ ಬಂದು, ನಡುಹರೆಯದಲ್ಲಿಯೇ ವೈಧವ್ಯವನ್ನು ಅನುಭವಿಸಿ, ಎಂಬತ್ತು ವರ್ಷಗಳ ತುಂಬುಬಾಳನ್ನು ಬಾಳಿದರು. ಇವರ ಅಂಕಿತ "ಭೀಮೇಶಕೃಷ್ಣ". ನಾರದರು ಸ್ವಪ್ನದಲ್ಲಿ ಉಪದೇಶಿಸಿದರೆಂದು ಸಂಪ್ರದಾಯದವರು ಹೇಳುವರು; ಅಂತೂ ಇವರಿಗೆ ಅಂಕಿತವನ್ನು ಕೊಟ್ಟ ಗುರುಪೀಠವೊಂದನ್ನು ಅವರು ಹೆಸರಿಸುವುದಿಲ್ಲ. ಇತರ ಹರಿದಾಸಿಯರ ಅಂಕಿತಗಳಲ್ಲಿ ದೇವರ ಹೆಸರೂ ಊರ ಹೆಸರೂ ಇದ್ದು ಹಾಡಿದವಳ ಹೆಸರು ಮರೆಯಾಗಿ ಹೋಗುವುದು. ಇವರ ಅಂಕಿತದಲ್ಲಿಯಾದರೋ ದೇವರ ಹೆಸರಿನೊಳಗೆ ಇವರ ಹೆಸರಿನ ದನಿಯೂ ಸೇರಿಕೊಂಡು ಉಳಿಯಿತು.

ಭೀಮವ್ವನವರ ಹಾಡುಗಳು ನೂರಕ್ಕೂ ಮೀರಿವೆ. ನಳಚರಿತ್ರೆ, ಸುಭದ್ರಾಕಲ್ಯಾಣ, ಮುಯ್ಯದ ಹಾಡು ಮುಂತಾದ ಕಥನಗಳು ಒಂದು ಕಡೆ. ದೇವತಾಸ್ತುತಿಗಳು, ಆರತಿಯ ಹಾಡುಗಳು, ಸಂಪ್ರದಾಯದ ಹಾಡುಗಳು ಇನ್ನೊಂದು ಕಡೆ. ಅವರ ಆರತಿಯ ಹಾಡುಗಳು ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದಿಗೂ ನಿಂತಿವೆ. ಅಮಂಗಲೆಯೆಂದು ಲೋಕವು ದೂರವಿಟ್ಟ ವಿಧವೆಯೊಬ್ಬರು ಕಟ್ಟಿದ ಹಾಡಿಲ್ಲದೆ ಮುತ್ತೈದೆಯರ ಆರತಿಯು ಏಳದೆಂಬುದು ಎಷ್ಟು ದೊಡ್ಡ ಸಂಗತಿ! ಹಸೆಯ ಬಳಿಗೆ ಅವರನ್ನು ಬರಗೊಡದ ಸಮಾಜವು ಅವರ ಹಾಡನ್ನು ಹಸೆಯ ಮೇಲೆಯೇ ಕೂರಿಸಿಕೊಂಡಿತು. ಈ ವಿಪರ್ಯಾಸವನ್ನು ಭೀಮವ್ವನವರೇ ಎಲ್ಲಿಯಾದರೂ ಎತ್ತಿ ಆಡಿ ತೋರಿಸಬೇಕಾಗಿರಲಿಲ್ಲ. ಹಾಡೇ ಅದನ್ನು ಪ್ರತಿಯೊಂದು ಶುಭಕಾರ್ಯದಲ್ಲಿಯೂ ಮೌನವಾಗಿ ತೋರಿಸುತ್ತ ಬಂದಿರುವುದು.

ಇವರ ತರುವಾಯವೂ ಈ ಧಾರೆಯು ಬತ್ತಲಿಲ್ಲ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಚಿತ್ರದುರ್ಗದ ಅಂಬಾಬಾಯಿಯವರು "ಗೋಪಾಲಕೃಷ್ಣವಿಠಲ" ಎಂಬ ಅಂಕಿತದಿಂದ ಹಾಡಿದರು. ಹೀಗೆ ಒಂದೊಂದು ಶತಮಾನದಲ್ಲಿಯೂ ಹೆಸರುಗಳು ದೊರೆಯುತ್ತಿರಲು, ಇದು ಅಪವಾದವಲ್ಲ, ಪರಂಪರೆಯೆಂದೇ ಹೇಳಬೇಕು.

ಇನ್ನು ಆಕ್ಷೇಪಗಳನ್ನು ಪರಿಶೀಲಿಸೋಣ. ಧಾತುವಿನ ವಿಷಯವೇ ಎಲ್ಲಕ್ಕಿಂತ ಗುರುತರವಾದುದು. ಇಂದು ಗಿರಿಯಮ್ಮನವರ ಅಥವಾ ಭೀಮವ್ವನವರ ಹಾಡುಗಳ ತಲೆಯ ಮೇಲೆ ಅಚ್ಚಾಗಿರುವ ರಾಗತಾಳಗಳು ಅವರಿಂದಲೇ ಬಂದವೆಂದು ನಂಬುವುದಕ್ಕೆ ಆಧಾರ ಸಾಲದು. ಬಹುಮಟ್ಟಿಗೆ ಅವು ತರುವಾಯದ ಗಾಯಕರ ಸಂಯೋಜನೆಗಳು. ಇದನ್ನು ಒಪ್ಪತಕ್ಕದ್ದೇ. ಆದರೆ ಇದೇ ಮಾತನ್ನು ಪುರಂದರದಾಸರ (1484–1564) ವಿಷಯದಲ್ಲಿಯೂ ಆಡಬೇಕಾಗುವುದು. ಪಿಳ್ಳಾರಿ ಗೀತೆಗಳೇ ಮೊದಲಾದ ಕೆಲವನ್ನು ಬಿಟ್ಟರೆ, ದಾಸರಾಯರ ದೇವರನಾಮಗಳ ಮೂಲಧಾತುಗಳು ನಮಗೆ ಉಳಿದುಬಂದಿಲ್ಲ. ಒಂದೇ ದೇವರನಾಮವನ್ನು ಮೂವರು ವಿದ್ವಾಂಸರು ಮೂರು ರಾಗಗಳಲ್ಲಿ ಹಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಹಾಗೆಂದು ಅವರ ಕರ್ನಾಟಕ ಸಂಗೀತ ಪಿತಾಮಹರೆಂಬ ಬಿರುದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಲೂ ಬಾರದು. ಕಾಲವು ಧಾತುವನ್ನು ನುಂಗಿತೆಂದರೆ ಅದು ಕಾಲದ ದೋಷ, ಕರ್ತೃವಿನ ದೋಷವಲ್ಲವೆಂದು ನಾವು ಸರಿಯಾಗಿಯೇ ತಿಳಿದಿದ್ದೇವೆ. ಆ ನ್ಯಾಯವು ದಾಸರಿಗೆ ಸಲ್ಲುವುದಾದರೆ ದಾಸಿಯರಿಗೆ ಏಕೆ ಸಲ್ಲದು?

ನೆರೆಯ ತಮಿಳುನಾಡಿನಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಆಂಡಾಳ್ ದೇವಿಯ ತಿರುಪ್ಪಾವೈಯ 30 ಪಾಶುರಗಳನ್ನು ಇಂದು ಸಭೆಗಳಲ್ಲಿ ಹಾಡುವ ರಾಗಗಳು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ಅಳವಡಿಸಿದವು. ಅದರಿಂದ ಆಂಡಾಳ್ ದೇವಿಯ ಪದವಿಗೆ ಕುಂದೇನೂ ಬರಲಿಲ್ಲ. ಈಚಿನ ಕಾಲದ ಮಧುರೆಯ ಅಂಬುಜಂ ಕೃಷ್ಣ ಅವರು (1917–1989) ಹಲವು ಭಾಷೆಗಳಲ್ಲಿ ಸಾಹಿತ್ಯವನ್ನು ರಚಿಸಿದರು. ಅದಕ್ಕೆ ಧಾತುವನ್ನು ಕೂಡಿಸಿದವರು ಬಹುಮಟ್ಟಿಗೆ ಬೇರೆ ವಿದ್ವಾಂಸರು. ಆದರೂ ಸಂಗೀತಲೋಕವು ಅವರನ್ನು ಗೌರವದಿಂದ ವಾಗ್ಗೇಯಕಾರರ ಸಾಲಿನಲ್ಲಿಯೇ ಸೇರಿಸಿರುವುದು. ಮಾತು ಧಾತುಗಳೆರಡನ್ನೂ ತಾವೇ ನಿರ್ಮಿಸಿದ ಕಲ್ಯಾಣಿ ವರದರಾಜನ್ ಅವರಂತಹವರೂ (1923–2003) ನಮ್ಮ ಕಾಲದಲ್ಲಿ ಆಗಿಹೋದರು. ನಮ್ಮಲ್ಲಿಯೇ ನೋಡಿದರೆ, ಮಲ್ಲಿಕಾರ್ಜುನ ಮನಸೂರರಂತಹ (1910–1992) ಮಹಾಗಾಯಕರು ಶರಣರ ವಚನಗಳನ್ನು ಹಿಂದುಸ್ತಾನೀ ರಾಗಗಳಲ್ಲಿ ಹಾಡಿ ಮೆರೆಸಿದರು. ಧಾತುವು ಹೊಸದಾದರೂ ವಚನವು ಶರಣರದಾಗಿಯೇ ಉಳಿಯಿತು.

ಕುಟ್ಟಿಕಾರತ್ವದ ಮಾತನ್ನೂ ಸ್ವಲ್ಪ ಎತ್ತಿಕೊಳ್ಳೋಣ. ಹೆಂಗಸರ ಹಾಡುಗಳಲ್ಲಿ ಕೆಲವಾದರೂ ರೂಢಿಯ ಧಾಟಿಗಳಲ್ಲಿ ಹುಟ್ಟಿದವೆಂಬುದು ನಿಜ. ಶೋಭಾನೆಗೆ ಒಂದು ಧಾಟಿ, ಉರುಟಣೆಗೆ ಒಂದು ಧಾಟಿ, ಕೋಲಾಟಕ್ಕೆ ಒಂದು ಧಾಟಿಯೆಂದು ಊರೂರಿನಲ್ಲಿಯೂ ಇದ್ದೇ ಇದ್ದವು. ಆದರೆ ಪರರ ಧಾತುವನ್ನು ಒಮ್ಮೆ ಮುಟ್ಟಿದ ಮಾತ್ರಕ್ಕೆ ವಾಗ್ಗೇಯಕಾರತ್ವವು ಹೋಗುವುದಾದರೆ, ಮುತ್ತುಸ್ವಾಮಿ ದೀಕ್ಷಿತರ (1775–1835) ಗತಿಯೇನು? ಆಂಗ್ಲರ ವಾದ್ಯಮೇಳದ ಧಾಟಿಗಳಿಗೆ ಆ ಮಹಾನುಭಾವರು ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದ ನೋಟುಸ್ವರಗಳು ಪ್ರಸಿದ್ಧವಾಗಿಯೇ ಇವೆಯಷ್ಟೆ. ಶಾಸ್ತ್ರಕಾರನ ವಿಭಾಗವು ಕೃತಿಯ ಬಗೆಯನ್ನು ತಿಳಿಸುವುದಕ್ಕೆ ಹೊರಟದ್ದು. ಒಬ್ಬರ ಸಮಸ್ತ ಜೀವಿತವನ್ನು ಒಂದು ಶಬ್ದದಿಂದ ತಳ್ಳಿಹಾಕುವುದಕ್ಕಲ್ಲ. ಭೀಮವ್ವನವರ ಒಂದು ಆರತಿಯ ಹಾಡು ರೂಢಿಯ ಧಾಟಿಯದೆಂದು ತೋರಿದರೆ ಅದನ್ನು ಹಾಗೆಯೇ ಹೇಳೋಣ. ಅವರ ಕೃತಿಗಳೆಲ್ಲವೂ ಹಾಗೆಂದು ಹೇಳುವವರು ಅದನ್ನು ಸಿದ್ಧಪಡಿಸಬೇಕು. ಸಿದ್ಧಪಡಿಸುವ ಭಾರವನ್ನು ಹೆಂಗಸರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ, ಗೃಹಕೃತ್ಯದ ಹಾಡುಗಳು ಶಾಸ್ತ್ರೀಯವಲ್ಲವೆಂಬುದು. ಇದಕ್ಕೆ ತ್ಯಾಗರಾಜಸ್ವಾಮಿಗಳೇ (1767–1847) ಉತ್ತರವನ್ನು ಕೊಟ್ಟಿರುವರು. ಅವರ ಉತ್ಸವಸಂಪ್ರದಾಯ ಕೀರ್ತನೆಗಳಲ್ಲಿ ಇರುವುದೇನು? ಶ್ರೀರಾಮನನ್ನು ಎಬ್ಬಿಸುವುದು, ಉಪಚರಿಸುವುದು, ಶೋಭಾನ ಹಾಡುವುದು, ಆರತಿಯೆತ್ತುವುದು, ಲಾಲಿ ಹಾಡಿ ಮಲಗಿಸುವುದು. ಇವೆಲ್ಲವೂ ಮನೆಯ ಹೆಂಗಸರು ದಿನದಿನವೂ ಮಾಡುತ್ತಿದ್ದ ಕೆಲಸಗಳು, ಹಾಡುತ್ತಿದ್ದ ಹಾಡುಗಳು. ಸ್ವಾಮಿಗಳು ಅವನ್ನು ತಮ್ಮ ಪೂಜಾಗೃಹಕ್ಕೆ ತಂದುಕೊಂಡರು. ವಿದ್ವಾಂಸರು ಪೂಜಾಗೃಹದಿಂದ ಸಭೆಗೆ ಒಯ್ದರು. ಗಂಡಸಿನ ಲಾಲಿಯು ಉತ್ಸವಸಂಪ್ರದಾಯವೆಂದೂ, ಹೆಂಗಸಿನ ಲಾಲಿಯು ಬರಿಯ ಮನೆಯ ಹಾಡೆಂದೂ ಎಣಿಸಿದರೆ, ಭೇದವು ಹಾಡಿನಲ್ಲಿಲ್ಲ, ಎಣಿಸುವವರ ಮನಸ್ಸಿನಲ್ಲಿರುವುದೆಂದೇ ಹೇಳಬೇಕು. ವಾದಿರಾಜಸ್ವಾಮಿಗಳ ಲಕ್ಷ್ಮೀಶೋಭಾನೆಯನ್ನು ಮದುವೆಯ ಮನೆಗಳಲ್ಲಿ ಹಾಡುತ್ತ ಉಳಿಸಿಕೊಂಡು ಬಂದವರೂ ಹೆಂಗಸರೇ. ಯತಿಗಳ ಹಾಡಿಗೂ ಗೃಹಿಣಿಯ ಹಾಡಿಗೂ ಆ ಮನೆಗಳಲ್ಲಿ ಒಂದೇ ಮಣೆಯನ್ನು ಹಾಕುತ್ತಿದ್ದರು.

ಮೂರನೆಯದು ಛಂದಸ್ಸಿನ ವಿಚಾರ. ಮಕ್ಕಳಿಗೆ ಛಂದಸ್ಸಿನ ಪಾಠವನ್ನು ಹೇಳಿದವರಿಗೆಲ್ಲ ಇದರ ಅನುಭವವುಂಟು. ಭಾಮಿನೀ ಷಟ್ಪದಿಯ ಪಾದವನ್ನು ಹಲಗೆಯ ಮೇಲೆ ಬರೆದು ಲಘುಗುರುಗಳನ್ನು ಹಾಕಿದರೆ ಲೆಕ್ಕವು ತಪ್ಪದು. ತ್ರಿಪದಿಯನ್ನೋ ಸಾಂಗತ್ಯವನ್ನೋ ಬರೆದು ಅದೇ ರೀತಿಯಲ್ಲಿ ಎಣಿಸಹೊರಟರೆ ಒಂದು ಕಡೆ ಮಾತ್ರೆ ಸಾಲದು, ಇನ್ನೊಂದು ಕಡೆ ಹೆಚ್ಚಾಗುವುದು. ಇದು ಕವಿಯ ತಪ್ಪಲ್ಲ. ಮೊದಲನೆಯದು ಮಾತ್ರಾಗಣದ ಛಂದಸ್ಸು, ಎರಡನೆಯದು ಅಂಶಗಣದ ಛಂದಸ್ಸು. ಅಂಶಗಣಗಳಲ್ಲಿ ಅಕ್ಷರವನ್ನು ಹಾಡುವ ಕೊರಳು ಎಳೆದು ತುಂಬಿಕೊಳ್ಳುವುದು, ಅಥವಾ ಒತ್ತಿ ಅಡಗಿಸುವುದು. ಹೆಂಗಸರ ಹಾಡುಗಳಲ್ಲಿ ಬಹುಭಾಗವು ಈ ದೇಶೀ ಮಾರ್ಗದ್ದು. ಕಣ್ಣಿನಿಂದ ಓದಿದವನಿಗೆ ಅಲ್ಲಿ ಛಂದೋಭಂಗವು ಕಾಣುವುದು. ಕಿವಿಯಿಂದ ಕೇಳಿದವನಿಗೆ ಕಾಣದು. ಆದುದರಿಂದ ಅಚ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡು ಅವರಿಗೆ ಛಂದಸ್ಸು ಬಾರದೆಂದು ತೀರ್ಪು ಹೇಳುವುದು, ವೀಣೆಯನ್ನು ತೂಕ ಮಾಡಿ ನಾದದ ಬೆಲೆಯನ್ನು ಕಟ್ಟಿದಂತೆ. ಅಷ್ಟೇ ಅಲ್ಲ, ಈ ಎಳೆತ ಒತ್ತುಗಳೇ ಅವರ ಹಾಡುಗಳಲ್ಲಿ ಧಾತುವು ಮಾತಿನೊಡನೆಯೇ ಹುಟ್ಟಿತೆಂಬುದಕ್ಕೆ ಸೂಚನೆಗಳು. ಧಾತುವಿಲ್ಲದೆ ನಿಲ್ಲಲಾರದ ಮಾತನ್ನು ಧಾತುವಿಲ್ಲದೆ ರಚಿಸಿದರೆಂಬುದು ಹೇಗೆ ಸಂಭವಿಸೀತು?

ಹೀಗೆ ಮೂರು ಆಕ್ಷೇಪಗಳೂ ನಿಲ್ಲಲಾರವು. ಆದರೂ ಇವರ ಕೃತಿಗಳು ವಿದ್ವತ್ಸಭೆಯನ್ನು ಬೇಗನೆ ಮುಟ್ಟಲಿಲ್ಲವೆಂಬುದು ಸತ್ಯ. ಇದಕ್ಕೆ ಕಾರಣವನ್ನು ಪರಂಪರೆಯು ಹರಿದುಬಂದ ಬಗೆಯಲ್ಲಿ ಹುಡುಕಬೇಕು. ತ್ಯಾಗರಾಜರಿಗೆ ಶಿಷ್ಯಪರಂಪರೆಗಳಿದ್ದವು, ಒಬ್ಬೊಬ್ಬ ಶಿಷ್ಯನೂ ಗುರುವಿನ ಪಾಠವನ್ನು ಕಾಪಾಡುವುದೇ ತನ್ನ ವ್ರತವೆಂದು ತಿಳಿದನು. ದೀಕ್ಷಿತರ ಮನೆತನದಲ್ಲಿ ಸುಬ್ಬರಾಮ ದೀಕ್ಷಿತರು ಹುಟ್ಟಿ, ಸಂಗೀತಸಂಪ್ರದಾಯಪ್ರದರ್ಶಿನಿಯನ್ನು 1904ರಲ್ಲಿ ಅಚ್ಚುಮಾಡಿಸಿ, ಗಮಕಗಳ ಸಮೇತ ಕೃತಿಗಳನ್ನು ಕಾಗದದ ಮೇಲೆ ನಿಲ್ಲಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 1903ರಲ್ಲಿ, ಹರಪನಹಳ್ಳಿಯ ಭೀಮವ್ವನವರು ದೇಹವನ್ನು ಬಿಟ್ಟರು. ಅವರ ಕೊರಳಿನ ಧಾತುವನ್ನು ಸ್ವರಲಿಪಿಯಲ್ಲಿ ಬರೆದಿಡಲು ಯಾವ ದೀಕ್ಷಿತರೂ ಇರಲಿಲ್ಲ. ಸ್ವರಲಿಪಿಯು ಅಚ್ಚಿಗೆ ಬಂದ ಕಾಲದಲ್ಲಿಯೇ ಇದ್ದವರ ಧಾತುವೂ ಹೀಗೆ ಕೈತಪ್ಪಿ ಹೋಯಿತು.

ಹೆಂಗಸರ ಹಾಡಿಗೆ ಇದ್ದುದು ಶಿಷ್ಯಪರಂಪರೆಯಲ್ಲ, ತವರುಮನೆ ಅತ್ತೆಮನೆಗಳ ಪರಂಪರೆ. ತಾಯಿಯಿಂದ ಕಲಿತ ಹಾಡನ್ನು ಮಗಳು ಮದುವೆಯಾಗಿ ಹೋದ ಊರಿಗೆ ಒಯ್ದಳು. ಅಲ್ಲಿಯ ಅತ್ತೆ ನಾದಿನಿಯರ ಧಾಟಿಯು ಅದಕ್ಕೆ ಸೋಂಕಿತು. ಅವಳ ಮಗಳು ಅದನ್ನು ಇನ್ನೊಂದು ಊರಿಗೆ ಒಯ್ದಳು. ಇದರಿಂದ ಹಾಡು ಹರಡಿತು. ಗುರುಕುಲದ ಕೃತಿಯು ಹೋಗದ ಹಳ್ಳಿಗಳಿಗೂ ಹೋಯಿತು. ಆದರೆ ಹರಡುತ್ತ ಹರಡುತ್ತ ಧಾತುವು ಮಾರ್ಪಟ್ಟಿತು. ಎಷ್ಟೋ ವೇಳೆ ಅಂಕಿತದ ಚರಣವೇ ಬಿದ್ದುಹೋಗಿ, ಕಟ್ಟಿದವರ ಗುರುತು ಅಳಿಸಿತು. ಯಾರದೆಂದು ತಿಳಿಯದ ಹಾಡಿಗೆ ಜನಪದವೇ ಕರ್ತೃವಾಯಿತು. ನಾವು ಸುಮ್ಮನೆ "ಹೆಂಗಸರ ಹಾಡುಗಳು" ಎಂದು ರಾಶಿ ಹಾಕಿರುವುದರಲ್ಲಿ ಎಷ್ಟು ಮಂದಿ ಗಿರಿಯಮ್ಮನವರೂ ಭೀಮವ್ವನವರೂ ಮರೆಯಾಗಿರಬಹುದು!

ಈಗ ಆ ತವರುಮನೆಯ ಪರಂಪರೆಯೂ ಸಡಿಲವಾಗುತ್ತಿರುವುದು. ಮದುವೆಗಳು ಛತ್ರಗಳಲ್ಲಿ ನಡೆದು ಒಂದೆರಡು ದಿನಗಳಲ್ಲಿ ಮುಗಿಯುತ್ತವೆ. ಉರುಟಣೆಗೆ ಅವಕಾಶವೂ ಇಲ್ಲ, ಹಾಡುವವರ ದನಿಯು ಧ್ವನಿವರ್ಧಕದ ನಡುವೆ ಕೇಳುವುದೂ ಇಲ್ಲ. ಊರೂರುಗಳ ಭಜನಾಮಂಡಳಿಗಳ ಹೆಣ್ಣುಮಕ್ಕಳು ಹರಿದಾಸಿಯರ ಹಾಡುಗ‍ಳನ್ನು ಶ್ರದ್ಧೆಯಿಂದ ಹಾಡುತ್ತಿರುವುದು ಸಂತೋಷದ ಸಂಗತಿ. ಆದರೆ ಅವರಲ್ಲಿ ಅನೇಕರು ಪುಸ್ತಕದಿಂದ ಮಾತನ್ನು ಎತ್ತಿಕೊಂಡು ಹೊಸ ರಾಗವನ್ನು ಹಾಕುವರು. ಅದು ತಪ್ಪಲ್ಲ, ಪುರಂದರದಾಸರ ಹಾಡುಗಳೂ ಹಾಗೆಯೇ ಬದುಕಿದವು. ಅಜ್ಜಿಯರ ಕೊರಳಿನಲ್ಲಿ ಉಳಿದಿರುವ ಹಳೆಯ ಧಾಟಿಯನ್ನು ಒಮ್ಮೆಯೂ ಕೇಳದೆ ಹೊಸದನ್ನು ಹಾಕುವುದೇ ನಷ್ಟ.

ಆದುದರಿಂದ ವಾಚಕಮಹಾಶಯರಲ್ಲಿ, ವಿಶೇಷವಾಗಿ ಗೃಹಿಣಿಯರಲ್ಲಿ, ಒಂದು ವಿಜ್ಞಾಪನೆ. ತಮ್ಮ ತಮ್ಮ ಮನೆಗಳಲ್ಲಿ ಹಿರಿಯರ ಕೈಬರಹದ ಹಾಡಿನ ಪುಸ್ತಕಗಳಿದ್ದರೆ ಅವನ್ನು ರದ್ದಿಗೆ ಹಾಕಬಾರದು. ಹಾಡಬಲ್ಲ ವೃದ್ಧೆಯರಿದ್ದರೆ ಅವರನ್ನು ಕೂರಿಸಿ ಹಾಡಿಸಿ, ಅವರ ದನಿಯನ್ನು ಹಿಡಿದಿಡಬೇಕು. ಹಿಂದೆ ಇದಕ್ಕೆ ಸ್ವರಲಿಪಿಯನ್ನು ಬಲ್ಲ ವಿದ್ವಾಂಸರೇ ಬೇಕಾಗಿದ್ದಿತು. ಕೈಕೈಗೂ ಫೋನು ಬಂದಿರುವ ಈ ಕಾಲದಲ್ಲಿ ಮನೆಯ ಹುಡುಗನೊಬ್ಬನು ಸಾಕು. ಹಾಡು ಯಾರಿಂದ ಕಲಿತದ್ದು, ಯಾವ ಊರಿನದು, ಯಾವ ಸಂದರ್ಭದ್ದು, ಅಂಕಿತವೇನು ಎಂಬುದನ್ನು ಜೊತೆಯಲ್ಲಿ ಬರೆದಿಟ್ಟುಕೊಳ್ಳಬೇಕು. ರಾಗವು ಗೊತ್ತಿಲ್ಲದಿದ್ದರೆ ಯಾವುದೋ ಒಂದನ್ನು ಊಹಿಸಿ ಬರೆಯಬಾರದು. ಗಣವು ಕುಂಟುವಂತೆ ತೋರಿದರೆ ತಿದ್ದಲೂಬಾರದು. ಹಾಡುವವರು ಒಂದು ಅಕ್ಷರವನ್ನು ಎಳೆದರೆ ಆ ಎಳೆತವೇ ನಮಗೆ ಬೇಕಾದ ಸಾಕ್ಷ್ಯ. ಜಿಲ್ಲೆಯ ಸಾಹಿತ್ಯಸಂಘಗಳು ಇಂತಹ ಸಂಗ್ರಹವನ್ನು ವರ್ಷಕ್ಕೊಂದು ಹೋಬಳಿಯಂತೆ ಕೈಗೊಂಡರೂ, ಗಿರಿಯಮ್ಮನವರ ಮಲೆಬೆನ್ನೂರಿನ ಸೀಮೆಯಲ್ಲಿಯೂ ಭೀಮವ್ವನವರ ಹರಪನಹಳ್ಳಿಯ ಸೀಮೆಯಲ್ಲಿಯೂ ಒಂದೇ ಹಾಡಿನ ಹತ್ತು ಧಾಟಿಗಳು ದೊರೆಯಬಹುದು. ಹತ್ತನ್ನು ಹೋಲಿಸಿ ನೋಡಿದರೆ ಅವುಗಳಲ್ಲಿ ಸಮಾನವಾಗಿರುವ ಅಂಶವು ಮೂಲಕ್ಕೆ ಹತ್ತಿರವಾದುದೆಂದು ಊಹಿಸಲು ಆಸ್ಪದವಾಗುವುದು. ಓಲೆಯ ಪ್ರತಿಗಳನ್ನು ಹೋಲಿಸಿ ಕಾವ್ಯದ ಪಾಠವನ್ನು ನಿರ್ಣಯಿಸುವ ವಿಧಾನವೂ ಇದೇ ಅಲ್ಲವೆ?

ಗಿರಿಯಮ್ಮನವರಿಗೂ ಭೀಮವ್ವನವರಿಗೂ ವಾಗ್ಗೇಯಕಾರ್ತಿಯೆಂಬ ಹೆಸರು ಸಲ್ಲುವುದೆಂಬುದರಲ್ಲಿ ಶಾಸ್ತ್ರದ ಅಡ್ಡಿಯೇನೂ ಇಲ್ಲವೆಂದು ಇದುವರೆಗೆ ತೋರಿಸಿದ್ದಾಯಿತು. ಮಾತನ್ನು ಅವರು ನಮಗೆ ಬಿಟ್ಟುಹೋಗಿದ್ದಾರೆ, ಅದು ಅಚ್ಚಿನಲ್ಲಿದೆ. ಧಾತುವಿನ ಅಲ್ಪಸ್ವಲ್ಪವು ಎಲ್ಲಿಯೋ ಎಂಬತ್ತು ದಾಟಿದ ಕೊರಳುಗಳಲ್ಲಿ ಇನ್ನೂ ಇರಬಹುದು. ಅದನ್ನು ಕೇಳಿ ಉಳಿಸಿಕೊಳ್ಳುವ ಕೆಲಸವು ಮುಂದಿನ ತಲೆಮಾರಿಗಾಗಿ ಕಾಯತಕ್ಕದ್ದಲ್ಲ.